ಚೌಡಿಕೆಗೆ ತಕ್ಕ ಬೇಸ್

ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ನುಡಿಸುವ ಚೌಡಿಕೆ ಎಂಬ ಚರ್ಮ ಹೊದಿಸಿದ ವಾದ್ಯದ ತಂತಿ ಬಿಗಿದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮನೆಯ ಸ್ಟೀರಿಯೋದ ಬೇಸ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ವಾದ್ಯ ನನಗೆ ಕಂಡಿಲ್ಲ. ಬೇಸ್ ಹೆಚ್ಚಾದರೆ ಆ ಏರಿಳಿತವೆಲ್ಲ ಬರೀ ಗುಂಯ್‌ಗುಟ್ಟುವ ಮುದ್ದೆ. ಕಡಿಮೆಯಾದರೆ ತಂತಿಯ ಟಿಣ್ ಉಳಿದು ಚರ್ಮದ ಗುಮ್ಮು ಮಾಯ.

ನಾಬ್ ತಿರುಗಿಸುವ ಮೊದಲು ಸ್ಪೀಕರ್ ಸರಿಸಿ ನೋಡಬೇಕು. ಗೋಡೆಗೆ ಹತ್ತಿರವಾದರೆ ಬೇಸ್ ಹೆಚ್ಚು, ಮೂಲೆಗೆ ಸೇರಿಸಿದರೆ ಇನ್ನೂ ಹೆಚ್ಚು. 50 ಹರ್ಟ್ಸ್‌ನ ಬೇಸ್ ಅಲೆಯ ಉದ್ದ ಸುಮಾರು 7 ಮೀಟರ್. ಬೈಲಹೊಂಗಲದ ನಮ್ಮ ದಪ್ಪ ಗೋಡೆಯ ಪಡಸಾಲೆಯಲ್ಲಿ ಅದು ಪುಟಿದು ಮರಳಿ, ಕೂತ ಜಾಗಕ್ಕೊಂದು ಬೇಸ್ ಕೇಳಿಸುತ್ತದೆ. ಚೌಡಿಕೆಯ ಜೊತೆ ಹಾಡಿನ ಮಾತೂ ಬಿಡಿಬಿಡಿಯಾಗಿ ಕೇಳಿದರೆ ನಾಬ್ ಬಿಟ್ಟು ಕೂತುಬಿಡುತ್ತೇನೆ.