ವಿದ್ವತ್ಪತ್ರಿಕೆಯ ಒಡೆತನ

‘ಲಿಂಗುವಾ’ ಎಂಬ ಪತ್ರಿಕೆಯು ೧೯೪೯ರಿಂದ ಭಾಷಾಶಾಸ್ತ್ರಜ್ಞರಿಗೆ ಪರಿಚಿತವಾದುದು. ಅದು ಓದುಗರೆಲ್ಲರಿಗೂ ಉಚಿತವಾಗಿ ದೊರೆಯಬೇಕು, ಹೆಸರಿನ ಒಡೆತನವೂ ತಮಗೆ ಬರಬೇಕು ಎಂಬ ಸಂಪಾದಕರ ಕೋರಿಕೆಯನ್ನು ಪ್ರಕಾಶಕರಾದ ಎಲ್ಸೆವಿಯರ್ ಸಂಸ್ಥೆಯವರು ಒಪ್ಪದಿರಲು, ೨೦೧೫ರಲ್ಲಿ ಅವರೆಲ್ಲರೂ ರಾಜೀನಾಮೆಯಿತ್ತು ‘ಗ್ಲಾಸಾ’ ಎಂಬ ಹೊಸ ಪತ್ರಿಕೆಯನ್ನು ಕಟ್ಟಿದರು. ಹಳೆಯ ಹೆಸರು ಸಂಸ್ಥೆಯಲ್ಲಿಯೇ ಉಳಿಯಿತು.

ಇಂಥ ಪತ್ರಿಕೆಗಳಿಗೆ ಬರೆಯುವವರೂ, ಬರೆದುದನ್ನು ಪರೀಕ್ಷಿಸುವವರೂ ವಿದ್ವಾಂಸರೇ. ಪ್ರಕಾಶಕರಿಂದ ಅವರಿಗೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಚಂದಾ ತೆರುವುದು ಮಾತ್ರ ಅವರದೇ ವಿದ್ಯಾಪೀಠ—ಹಾಲು ಕರೆದುಕೊಟ್ಟ ಮನೆಯವರೇ ಮಜ್ಜಿಗೆಯನ್ನು ಕ್ರಯಕ್ಕೆ ತಂದಂತೆ!

೨೦೨೪ರಲ್ಲಿ ಭಾರತ ಸರ್ಕಾರವು ೩೦ ಪ್ರಕಾಶಕರ ಪತ್ರಿಕೆಗಳಿಗಾಗಿ ೩ ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಸಣ್ಣ ಊರಿನ ಸರ್ಕಾರಿ ಕಾಲೇಜಿಗೂ ಅವು ಎಟಕುವುದು ಸಂತೋಷವೇ. ಆದರೆ ‘ಲಿಂಗುವಾ’ದ ಸಂಪಾದಕರು ಎತ್ತಿದ ಒಡೆತನದ ಪ್ರಶ್ನೆಯನ್ನು ಈ ಏರ್ಪಾಡು ಮುಟ್ಟಿಲ್ಲ.