ಇಲ್ಲದ ಭಾಷೆಯ ವರ್ಣಮಾಲೆ

ಕಲ್ಪಿತ ಭಾಷೆಗೆ ಲಿಪಿ ಕಟ್ಟಲು ಕೂತವರು ಮೊದಲು ಮಾಡುವ ಕೆಲಸ ಗೀಚುವುದು. ಸುರುಳಿ, ಕೊಕ್ಕೆ, ಚುಕ್ಕಿ ಎಂದು ಇಪ್ಪತ್ತಾರು ಆಕಾರ ಬರೆದು ಒಂದೊಂದಕ್ಕೂ ಎ, ಬಿ, ಸಿ ಅಂಟಿಸಿದರೆ ಆಗುವುದು ವೇಷ ಹಾಕಿದ ಇಂಗ್ಲಿಷ್ ಅಷ್ಟೆ.

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಜೆ.ಆರ್.ಆರ್. ಟೋಲ್ಕೀನ್ ಹಾಗೆ ಮಾಡಲಿಲ್ಲ. ಅವರ ಕಥೆಗಳಲ್ಲಿ ಬರುವ ಎಲ್ಫ್‌ಗಳ ಲಿಪಿ ತೆಂಗ್ವಾರ್‌ನಲ್ಲಿ ಮುಖ್ಯ ಅಕ್ಷರಗಳು 24. ನಾಲ್ಕು ಸಾಲು, ಆರು ದರ್ಜೆ. ಅಕ್ಷರಕ್ಕೆ ಎರಡೇ ಅಂಗ: ಒಂದು ಕಾಂಡ, ಒಂದು ಬಿಲ್ಲು. ಬಿಲ್ಲು ಎಡಕ್ಕಿದೆಯೇ ಬಲಕ್ಕಿದೆಯೇ, ತೆರೆದಿದೆಯೇ ಮುಚ್ಚಿದೆಯೇ ಎಂಬುದರಿಂದ ಉಚ್ಚಾರಣೆಯ ಸ್ಥಾನ ಗೊತ್ತಾಗುತ್ತದೆ. ಬಿಲ್ಲು ಇಮ್ಮಡಿಯಾದರೆ 'ತ' ಹೋಗಿ 'ದ'. ಕೆಳಗಿಳಿದ ಕಾಂಡ ಮೇಲೆದ್ದರೆ ಉಸಿರು ಉಜ್ಜಿಕೊಂಡು ಬರುವ ಘರ್ಷಧ್ವನಿ. ಕ-ವರ್ಗ, ತ-ವರ್ಗ ಎಂದು ಬಾಯಿಪಾಠ ಮಾಡಿದ ನಮಗೆ ಇದು ಅಪರಿಚಿತವಲ್ಲ. ವರ್ಗದ ಹೊರಗೆ ಉಳಿದ ರ, ಲ, ಸ, ಹಗಳಿಗೆ ಅಲ್ಲೂ ಬೇರೆ ಅಕ್ಷರಗಳಿವೆ. ಆದರೆ ನಮ್ಮ ವರ್ಣಮಾಲೆಯ ಶಿಸ್ತು ಇರುವುದು ಜೋಡಣೆಯಲ್ಲಿ. ಆಕಾರದಲ್ಲಿ ಅದು ಅಲ್ಲಲ್ಲಿ ಮಾತ್ರ ಕಾಣುತ್ತದೆ. ದ-ಧ, ಬ-ಭಗಳ ನಡುವೆ ಒಂದು ಸೀಳು ಸಾಕು, ಕ-ಖಗಳಿಗೆ ನಂಟೇ ಇಲ್ಲ.

ಸ್ವರಗಳದ್ದು ಇನ್ನೂ ಸೊಗಸು. ಅವು ವ್ಯಂಜನದ ತಲೆಯ ಮೇಲೆ ಕೂರುವ ಗುರುತುಗಳು. ಎಲ್ಫ್‌ಗಳ ಕ್ವೆನ್ಯಾ ಭಾಷೆಯ ಪದಗಳು ಹೆಚ್ಚಾಗಿ ಸ್ವರಾಂತ್ಯ, ಹಾಗಾಗಿ ಗುರುತು ನಮ್ಮ ಗುಣಿತದಂತೆಯೇ ಹಿಂದಿನ ವ್ಯಂಜನದ ಮೇಲೆ. ಅವರದೇ ಇನ್ನೊಂದು ಭಾಷೆ ಸಿಂದರಿನ್ ಹೆಚ್ಚಾಗಿ ವ್ಯಂಜನಾಂತ್ಯ; ಅಲ್ಲಿ ಗುರುತು ಮುಂದಿನ ವ್ಯಂಜನಕ್ಕೆ ಜಿಗಿಯುತ್ತದೆ. ಮನುಷ್ಯ ಎಂಬರ್ಥದ 'ಅದನ್' ಬರೆಯಲು ದ, ನ ಎರಡೇ ಸಾಕು, ಎರಡರ ತಲೆಯ ಮೇಲೂ ಅಕಾರ. ಭಾಷೆಯ ಸ್ವಭಾವ ನೋಡಿ ಲಿಪಿ ಮಣಿಯುವುದೆಂದರೆ ಇದು. ಕಥೆಯಲ್ಲಿ ಬರುವ ಮೋರಿಯಾ ಎಂಬ ನೆಲದಡಿಯ ನಗರದ ಬಾಗಿಲಿನ ಬರಹದಲ್ಲಂತೂ ಸ್ವರಗಳಿಗೆ ಪೂರ್ಣ ಅಕ್ಷರಗಳೇ ಇವೆ!

ದೋಷವೂ ಇದೆ. ಅಕ್ಷರಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಕಂಡು ಓದುವವನ ಕಣ್ಣು ತಡವರಿಸುತ್ತದೆ. ತರ್ಕ ಪೂರ್ಣವಾದಷ್ಟೂ ಓದು ಕಷ್ಟ. ಆದರೆ ಟೋಲ್ಕೀನ್ ತಮ್ಮ ಅಚ್ಚುಕಟ್ಟನ್ನು ತಾವೇ ಅಲ್ಲಲ್ಲಿ ಕದಡಿದ್ದಾರೆ. ಕ್ವೆನ್ಯಾದಲ್ಲಿ ಬರಿಯ 'ದ' ಒಂಟಿಯಾಗಿ ಬರುವುದಿಲ್ಲ, ಆದ್ದರಿಂದ ಆ ಅಕ್ಷರ ಅಲ್ಲಿ 'ಂದ' ಆಗುತ್ತದೆ. ಬಳಸುವ ಜನ ಬದಲಾದರೆ ಅಕ್ಷರದ ಬೆಲೆಯೂ ಬದಲಾಗಬೇಕಲ್ಲ? ಈ ಕದಡು ಇಲ್ಲದಿದ್ದರೆ ತೆಂಗ್ವಾರ್ ಬರೀ ಕೋಷ್ಟಕವಾಗಿ ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಲಿಪಿ ಕಟ್ಟುವ ಆಸೆಯಿದ್ದರೆ ಪೆನ್ನು ಹಿಡಿಯುವ ಮೊದಲು ನಿಮ್ಮ ಭಾಷೆಯ ಧ್ವನಿಗಳನ್ನು ವರ್ಗಗಳಾಗಿ ಬರೆದುಕೊಳ್ಳಿ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಕೊನೆಯಲ್ಲಿರುವ ಅನುಬಂಧ 'ಇ' ಓದಿ. ಕಥೆ ಓದಿದವರಲ್ಲೂ ಅನೇಕರು ಆ ಪುಟಗಳನ್ನು ಹಾರಿಸಿಬಿಡುತ್ತಾರೆ.