ಮೊದಲ ಓದಿಗೆ ನಾದಿರಾ, ಎರಡನೇ ಓದಿಗೆ ಫಾತಿಮಾ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದ್ದೀರಾ? ಓದಿದ್ದರೆ, ಪುಸ್ತಕ ಮುಚ್ಚಿದ ಮೇಲೆ ಯಾರ ಮೇಲೆ ಸಿಟ್ಟು ಬಂತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾಸರಗೋಡಿನ ಕಥೆ ಹಲವರಿಗೆ ಗೊತ್ತು. ನಾದಿರಾ, ರಶೀದ್ ಪ್ರೀತಿಯಿಂದ ಬಾಳುತ್ತಿದ್ದವರು. ಅಪ್ಪ ಮಹಮ್ಮದ್ ಖಾನನ ಹಟಕ್ಕೆ ತಲಾಕ್ ಆಗುತ್ತದೆ. ಮತ್ತೆ ಒಂದಾಗಬೇಕೆಂದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಕ್ ಪಡೆಯಬೇಕು. ನಾದಿರಾ ಮಸೀದಿಯ ಕೊಳದ ಪಾಲಾಗುತ್ತಾಳೆ.

ಗಂಡ ಕುಡುಕನೋ ಕ್ರೂರಿಯೋ ಆಗಿದ್ದರೆ ನಮ್ಮ ಸಿಟ್ಟಿಗೆ ಒಂದು ಗುರಿ ಸಿಗುತ್ತಿತ್ತು, ಆರಾಮಾಗಿ ನಿದ್ದೆ ಮಾಡಬಹುದಿತ್ತು. ಸಾರಾ ಆ ಅನುಕೂಲ ಮಾಡಿಕೊಡುವುದಿಲ್ಲ. ರಶೀದ್ ಒಳ್ಳೆಯವನು. ಅವನಿಗೂ ಹೆಂಡತಿ ಬೇಕು. ಆ ಒಳ್ಳೆಯತನದಿಂದ ಏನೂ ಆಗುವುದಿಲ್ಲ, ಅಷ್ಟೇ. ಅಪ್ಪನ ಮೇಲೆ ಸಿಟ್ಟು ಬರುತ್ತದೆ, ನಿಜ. ಆದರೆ ಎರಡನೇ ಸಲ ಓದುವಾಗ ನನಗೆ ಅಳು ಬಂದದ್ದು ತಾಯಿ ಫಾತಿಮಾಳಿಗಾಗಿ. ಮಗಳ ಸಂಕಟ ಕಣ್ಣೆದುರೇ ಇದ್ದರೂ ಗಂಡನನ್ನು ತಡೆಯಲಾಗದವಳು. ಇಂಥವರು ನಮ್ಮ ಮನೆಗಳಲ್ಲೇ ಇದ್ದಾರಲ್ಲ. ಅವರ ಬಾಯಿ ಕಟ್ಟಿದ್ದನ್ನು ‘ಸಬರ್’ ಅಂತ ಹೊಗಳಿದವರೂ ನಾವೇ.

ಪುಣೆಯಲ್ಲಿ ಕೂತು ಓದುವಾಗ ಹಮೀದ್ ದಳವಾಯಿ ನೆನಪಾಗದೆ ಇರೋದಿಲ್ಲ. 1966ರಲ್ಲಿ ಮುಂಬೈಯಲ್ಲಿ ಏಳು ಮಂದಿ ಮುಸ್ಲಿಂ ಹೆಂಗಸರ ಮೆರವಣಿಗೆ ನಡೆಸಿ ಬಾಯಿಮಾತಿನ ತಲಾಕನ್ನು ಪ್ರಶ್ನಿಸಿದವರು, 1970ರಲ್ಲಿ ಇದೇ ಊರಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಲ ಕಟ್ಟಿದವರು. ದಳವಾಯಿಯವರ ಜೊತೆ ನಾವು ವಾದ ಮಾಡಬಹುದು. ನಾದಿರಾಳ ಜೊತೆ ವಾದ ಮಾಡೋದು ಹೇಗೆ? ‘ನಮ್ಮ ದೀನ್ ಹಾಗೆ ಹೇಳುವುದಿಲ್ಲ’ ಅನ್ನುವ ನಮ್ಮ ಉತ್ತರ ಸರಿಯೇ ಇರಬಹುದು. ಅವಳು ಕೊಳದ ಮೆಟ್ಟಿಲಲ್ಲಿ ನಿಂತಾಗ ಅದನ್ನು ಹೇಳಲು ಅಲ್ಲಿ ಯಾರಿದ್ದರು?

ಇನ್ನೊಂದು ಮುಜುಗರ ಇದೆ, ಹೇಳಿಬಿಡುತ್ತೇನೆ. ಬೇರೆ ಧರ್ಮದ ಗೆಳೆಯರ ಕೈಯಲ್ಲಿ ಈ ಪುಸ್ತಕ ಕಂಡರೆ ಒಳಗೊಳಗೇ ಅಳುಕು: ‘ನಿಮ್ಮಲ್ಲಿ ಹೀಗೇನಾ?’ ಅಂತ ಕೇಳಿಬಿಟ್ಟರೆ! ಮೆಚ್ಚಿದ ಲೇಖಕಿಯ ಪುಸ್ತಕವನ್ನೇ ಬಚ್ಚಿಡಬೇಕು ಅನ್ನಿಸುತ್ತದೆ. ಸಾರಾ ಬರೆಯುವಾಗ ಈ ಅಳುಕಿಗೆ ಸೊಪ್ಪು ಹಾಕಿದ್ದರೆ ನಾದಿರಾ ಹುಟ್ಟುತ್ತಲೇ ಇರಲಿಲ್ಲ.

2017ರಲ್ಲಿ ಸುಪ್ರೀಂ ಕೋರ್ಟ್ ತ್ರಿವಳಿ ತಲಾಕ್ ರದ್ದು ಮಾಡಿತಲ್ಲ, ಕಾದಂಬರಿ ಹಳತಾಯಿತು ಅನ್ನುವವರಿದ್ದಾರೆ. ನೀವು ಇನ್ನೊಮ್ಮೆ ಓದಿ. ಈ ಸಲ ನಾದಿರಾಳನ್ನು ಬಿಟ್ಟು ಫಾತಿಮಾಳ ಹಿಂದೆ ಹೋಗಿ, ಅವಳು ಎಲ್ಲೆಲ್ಲಿ ಮಾತು ನುಂಗುತ್ತಾಳೆ ನೋಡಿ.